ತಂತಿ ಸುತ್ತಿದ ಕಲ್ಲು

ಎಂಬತ್ತರ ದಶಕದಲ್ಲಿ ನಮ್ಮವ್ವ ಮಸ್ಕಿಯ ಹೊರಗಿನ ಸುಣ್ಣದ ಭಟ್ಟಿಯಲ್ಲಿ ದುಡಿಯುತ್ತಿದ್ದಳು. ಅಲ್ಲಿ ಎಲ್ಲವೂ ಬುಟ್ಟಿಯ ಅಳತೆ. ಹತ್ತು ಬುಟ್ಟಿ ಕಲ್ಲು ಸುರಿದರೆ ಹೆಚ್ಚುಕಡಿಮೆ ಹತ್ತು ಬುಟ್ಟಿ ಸುಣ್ಣವೇ ಹೊರಗೆ ಬರುತ್ತಿತ್ತು. ಸುಟ್ಟ ಕಲ್ಲು ಅಷ್ಟಾಗಿ ಕುಗ್ಗುವುದಿಲ್ಲವಲ್ಲ. ಯಾರಿಗೂ ಯಾರ ಮೇಲೂ ಸಂಶಯವಿರಲಿಲ್ಲ. ಆಮೇಲೆ ಭಟ್ಟಿಯ ಸಾಹುಕಾರ ಸಿಂಧನೂರಿನಿಂದ ದೊಡ್ಡ ತಕ್ಕಡಿ ತಂದು ನಿಲ್ಲಿಸಿದ ನೋಡಿ, ಶುರುವಾಯಿತು!

ಹಾಕುವಾಗ ಕಲ್ಲು ತೂಗಿದ, ತೆಗೆಯುವಾಗ ಸುಣ್ಣ ತೂಗಿದ. ಹತ್ತಿರ ಹತ್ತಿರ ಅರ್ಧ ಮಾಯ! ಭಟ್ಟಿ ಬಿಚ್ಚಿ ಸುಣ್ಣ ಹೊರತೆಗೆಯುವವಳು ನಮ್ಮವ್ವ. "ಕಲ್ಲೇನು ರೆಕ್ಕಿ ಕಟ್ಕೊಂಡು ಹಾರಿ ಹೋತೇನು? ಕಳ್ಳಿ!" ಎಂದು ಎಲ್ಲರೆದುರು ಬೈದು ಕೆಲಸ ಬಿಡಿಸಿದ. ಮನೆಗೆ ಬಂದ ಅವ್ವ ರೊಟ್ಟಿ ಮುಟ್ಟಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

ನಾನಾಗ ಒಂಬತ್ತನೆಯ ತರಗತಿ. ವಸ್ತು ಹೊಸದಾಗಿ ಹುಟ್ಟುವುದೂ ಇಲ್ಲ, ನಾಶವಾಗುವುದೂ ಇಲ್ಲ ಎಂದು ಅದೇ ವಾರ ಮೇಷ್ಟ್ರು ಬರೆಸಿದ್ದರು. ಅಯ್ಯೋ ದೇವರೇ, ನನ್ನ ಪಾಠವೂ ಸಾಹುಕಾರನ ಕಡೆಗೇ! ನಾಶವಾಗದಿದ್ದರೆ ಉಳಿದದ್ದು ಎಲ್ಲಿ? ಪುಸ್ತಕ ತಿರುವಿಹಾಕಿದೆ. ಸುಣ್ಣದ ಕಲ್ಲು ಸುಟ್ಟರೆ ಸುಣ್ಣವೂ ಆಗುತ್ತದೆ, ಕಣ್ಣಿಗೆ ಕಾಣದ ಅನಿಲವೂ ಹೊರಡುತ್ತದೆ. ಅನಿಲಕ್ಕೂ ತೂಕವಿದೆ! ಕುಣಿದುಬಿಟ್ಟೆ.

"ಯವ್ವಾ, ಕಳ್ಳ ಸಿಕ್ಕ ಬೇ!"

"ಹುಚ್ಚಿ, ಸುಮ್ನ ಕೂಡು," ಎಂದಳು ಅವ್ವ.

ಸುಮ್ಮನೆ ಕೂಡುವ ಪೈಕಿ ನಾನಲ್ಲ. ಅವಳನ್ನು ಎಳೆದುಕೊಂಡೇ ಭಟ್ಟಿಗೆ ಹೋದೆ. "ಸಾವ್ಕಾರ್ರೀ, ಒಂದು ಕಲ್ಲು ನೀವ ಆರಿಸ್ರಿ, ನೀವ ತೂಗ್ರಿ," ಎಂದೆ. ಒಂದು ಕಿಲೋ ತೂಗಿತು. ಗುರುತಿಗೆ ಕಬ್ಬಿಣದ ತಂತಿ ಸುತ್ತಿ ಅವನ ಕೈಯಿಂದಲೇ ಭಟ್ಟಿಗೆ ಹಾಕಿಸಿದೆ. ಕಾವಲಿಗೂ ಅವನದೇ ಆಳು.

ಮೂರನೆಯ ದಿನ ಭಟ್ಟಿ ಆರಿದ ಮೇಲೆ ಅವನೇ ತೆಗೆದ. ತಂತಿ ಹಾಗೇ ಇತ್ತು, ಕಲ್ಲೂ ಅಷ್ಟೇ ದಪ್ಪ. ತಕ್ಕಡಿಗಿಟ್ಟ. ಆರುನೂರು ಗ್ರಾಂ! ನಂಬದೆ ಮತ್ತೆ ಇಟ್ಟ. ಮತ್ತೆ ಅಷ್ಟೇ!

"ಉಳಿದದ್ದು ಭಟ್ಟಿ ಬಾಯಾಗಿಂದ ಗಾಳಿ ಆಗಿ ಹೋಗೇತ್ರೀ!" ಎಂದು ಕೂಗಿದೆ. ಕೂಲಿಯವರೆಲ್ಲ ನಕ್ಕರು.

ಸಾಹುಕಾರ ಅವ್ವನ ಮುಖ ನೋಡದೆ, "ನಾಳಿಂದ ಕೆಲಸಕ್ಕ ಬಾ," ಅಂದ.

ಅವ್ವ ಅಲುಗಲಿಲ್ಲ. "ಬರ್ತೀನ್ರೀ. ಕಳ್ಳಿ ಅಂತ ಎಲ್ಲಾರ ಮುಂದ ಅಂದೀರಿ. ಅಲ್ಲ ಅಂತನೂ ಎಲ್ಲಾರ ಮುಂದ ಅನ್ರಿ."

ಅವನು ಏನೋ ಗೊಣಗಿದ.

"ಕೇಳಲಿಲ್ರೀ," ಎಂದಳು.

"ನೀ ಕಳ್ಳಿ ಅಲ್ಲವ್ವಾ!" ಎಂದು ಗಟ್ಟಿಯಾಗಿ ಹೇಳಿದ. ಅವತ್ತು ಅವ್ವ ಮನೆಗೆ ಬಂದವಳೇ ರೊಟ್ಟಿ ಬಡಿದು, ಹೊಟ್ಟೆತುಂಬ ಉಂಡಳು.