ಮೂರು ಸೀಟಿ, ಮೂರು ನಡೆ

ಇದು ನಡೆದು ನಾಲ್ಕು ವರ್ಷವಾಯಿತು, ಆಗ ನನಗೆ ಅರವತ್ತೊಂಬತ್ತು. ಇವತ್ತು ವಿಶಾಖಪಟ್ಟಣದ ಪೆಂಡುರ್ತಿಯ ನಮ್ಮ ಅಡುಗೆಮನೆಯಲ್ಲಿ ಕುಕ್ಕರು ಸೀಟಿ ಹಾಕಿದಾಗ ನೆನಪಾಯಿತು ನೋಡಿ. ನಾನು ಹೊತ್ತನ್ನು ಸೀಟಿಯಲ್ಲೇ ಎಣಿಸುವವಳು. ಮೂರನೆಯ ಇಯತ್ತೆಗೇ ಶಾಲೆ ಬಿಟ್ಟವಳಿಗೆ ನಿಮಿಷದ ಮುಳ್ಳು ಯಾಕೆ? ಬೇಳೆಗೆ ಮೂರು, ಕಡಲೆಗೆ ಆರು.

ನನ್ನಣ್ಣ ವಿಜಯವಾಡದ ಪಟಮಟದಲ್ಲಿದ್ದಾನೆ. ಬ್ಯಾಂಕಿನ ಕ್ಲರ್ಕಾಗಿ ವರ್ಗವಾಗಿ ಬಂದವನು ನಿವೃತ್ತನಾದರೂ ಧಾರವಾಡಕ್ಕೆ ಮರಳಲಿಲ್ಲ. ಎರಡು ವರ್ಷ ಕೂತು ಒಂದು ಚದುರಂಗದ ಒಗಟು ಕಟ್ಟಿದ್ದ: ಬಿಳಿಯವನು ಮೂರೇ ನಡೆಯಲ್ಲಿ ಕರಿಯ ರಾಜನಿಗೆ ಚೆಕ್‌ಮೇಟ್ ಕೊಡಬೇಕು. ಆ ಭಾನುವಾರ ಬ್ಯಾಂಕಿನ ಹಳಬರ ಕೂಟವಿತ್ತು. ಅಲ್ಲಿ ಅದನ್ನಿಟ್ಟು ಎಲ್ಲರ ಬೆವರಿಳಿಸುತ್ತೇನೆಂದು ತಿಂಗಳಿಂದ ಜಂಬ ಕೊಚ್ಚಿದ್ದ.

ಫೋಟೋ ಕಳಿಸಿ ಫೋನ್ ಮಾಡಿದ. "ನಿನ್ನ ಸೊಸಿ ಕಡೆ ಕಂಪ್ಯೂಟರಿನ್ಯಾಗ ಹಾಕಿಸಿ ನೋಡವಾ. ಅದಕ್ಕ ಎಷ್ಟು ಹೊತ್ತು ಹಿಡೀತದ ಹೇಳು. ಒಂದು ಸೀಟಿ ತಿಣುಕಿದ್ರೂ ನಾ ಗೆದ್ದಂಗ."

ಮಗ ನೌಕಾಪಡೆಯವನು. ಸೊಸೆ ಸುಜಾತಾ ವಿಶಾಖಪಟ್ಟಣದಲ್ಲೇ ಹುಟ್ಟಿ ಬೆಳೆದವಳು, ಕನ್ನಡದ ಬಾಲಕ್ಕೆ ತೆಲುಗು ಕಟ್ಟುತ್ತಾಳೆ. ಚೆಸ್ ಸಾಫ್ಟ್‌ವೇರ್ ತೆರೆದು ಕಾಯಿ ಕೂರಿಸಿದಳು. ನಾನು ಒಲೆ ಹಚ್ಚಿದೆ. ಕುಕ್ಕರು ಇನ್ನೂ ಉಸಿರೇ ಎತ್ತಿರಲಿಲ್ಲ.

"ಅಯಿಪೋಯಿಂದಿ ಅತ್ತಯ್ಯಾ, ಮುಗೀತು. ಮೂರಕ್ಕೆ ಆಗಲ್ಲಂಟ. ನಾಲ್ಕು ನಡೆ ಬೇಕಂಟ."

ಎಲ್ಲಿ ತಪ್ಪಿತೆಂದು ತೋರಿಸಿದಳು. ಕರಿಯ ಪ್ಯಾದೆಯೊಂದು ಆಟ ಶುರುವಾಗುವ ತನ್ನ ಸಾಲಿನಿಂದ ಒಂದೇ ಸಲ ಎರಡು ಮನೆ ಹೋಗಿ ಅಡ್ಡ ನಿಂತಿತ್ತು.

"ಪ್ಯಾದಿ ಎರಡು ಮನಿ ಹ್ಯಾಂಗ ಹಾರ್ತದ? ಅದೇನು ಕುದುರಿಯೇನು?"

"ಮೊದಲನೇ ಸಲ ಹೋಗಬಹುದು ಅತ್ತಯ್ಯಾ. ಲೋಕಕ್ಕೆಲ್ಲ ಅದೇ ರೂಲ್."

ನಮ್ಮಪ್ಪನ ಮನೆಯಲ್ಲಿ ಆ ರೂಲ್ ಇರಲಿಲ್ಲ. ಪ್ಯಾದೆಗೆ ಯಾವಾಗಲೂ ಒಂದೇ ಮನೆ. ಅಣ್ಣ ಕಲಿತದ್ದು ಅಪ್ಪನಿಂದ, ಆಡಿದ್ದು ನನ್ನೊಂದಿಗೆ. ಸೋಲಿನ ಭಯಕ್ಕೆ ಹೊರಗಿನವರ ಎದುರು ಹಲಗೆ ಹಾಸಿದವನೇ ಅಲ್ಲ. ಒಗಟು ಕಟ್ಟುವುದಕ್ಕೆ ಎದುರಾಳಿ ಬೇಕಿಲ್ಲವಲ್ಲ!

ಅಣ್ಣನಿಗೆ ಫೋನಿನಲ್ಲಿ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವನು, "ಭಾನುವಾರ ನನಗ ಜ್ವರ ಬರ್ತಾವ" ಅಂದ.

"ನಾಳಿ ತನಕ ತಡಿ. ಆಮ್ಯಾಲೆ ಬೇಕಾದ್ರ ಜ್ವರ ಬರಿಸ್ಕೊ."

ಈಗ ಆ ಒಗಟು ಅವನ ಗೋಡೆಯ ಮೇಲೆ ಗಾಜಿನೊಳಗಿದೆ. ಕಂಪ್ಯೂಟರೇ ಮೂರು ಸೀಟಿ ತಿಣುಕಿತೆಂದು ಬಂದವರಿಗೆಲ್ಲ ಹೇಳುತ್ತಾನೆ. ನಾನು ಹಾಗೆ ಹೇಳಿಲ್ಲ. ಸುಳ್ಳು ನನ್ನ ಬಾಯಿಗೆ ಬರುವುದಿಲ್ಲವೆಂದೇ ಇಷ್ಟು ದಿನ ತಿಳಿದಿದ್ದೆ. ಇವತ್ತಿನ ಸೀಟಿ ಕೇಳಿ ಸ್ವಲ್ಪ ಅನುಮಾನ ಬಂತು.

ಅಣ್ಣ ಜ್ವರದ ಮಾತಾಡಿದ ಮರುದಿನ ಬೆಳಿಗ್ಗೆ ನಾನು ಮಾಡಿದ್ದಿಷ್ಟೇ. ಎಲ್ಲ ಕಾಯಿಗಳನ್ನೂ ಒಂದೊಂದು ಮನೆ ಬಿಳಿಯವನ ಕಡೆ ಸರಿಸಲು ಸೊಸೆಗೆ ಹೇಳಿದೆ. ಆ ಕಡೆಯ ಸಾಲು ಖಾಲಿಯಿತ್ತು, ಕರಿಯ ರಾಜ ಹಲಗೆಯ ನಡುವಿದ್ದ; ಹಾಗಾಗಿ ಉಳಿದ ಆಟ ಕೆಡಲಿಲ್ಲ. ಆ ಪ್ಯಾದೆ ಮಾತ್ರ ಶುರುವಿನ ಸಾಲು ಬಿಟ್ಟಿತು. ಎರಡು ಮನೆ ಹೋಗುವ ಸೊಕ್ಕೂ ಇಳಿಯಿತು.

"ಬಟನ್ ಒತ್ತಲಾ ಅತ್ತಯ್ಯಾ?"

"ತಡಿಯವಾ."

ಬೇಳೆ ಇಟ್ಟೆ. ಮೂರನೆಯ ಸೀಟಿ ಆಯಿತು. "ಈಗ ಒತ್ತು" ಎಂದೆ. ಕಣ್ಣು ಮಿಟುಕಿಸುವುದರೊಳಗೆ ಉತ್ತರ ಬಂತು: ಮೂರೇ ನಡೆ. ಅಣ್ಣನಿಗೆ ಫೋನ್ ಹಚ್ಚಿ ಕಾಯಿ ಸರಿಸುವುದನ್ನು ಹೇಳಿದೆ.

"ಎಷ್ಟು ಹೊತ್ತು ಹಿಡೀತವಾ?"

"ಮೂರು ಸೀಟಿ ಆದಮ್ಯಾಲೆ ಬಂತು" ಎಂದು ಒಲೆ ಆರಿಸಿದೆ.