ಅಕ್ಕನ ದನಿ ಅಳಿಸಿದ್ದು

ಬೈಲಹೊಂಗಲದ ನಮ್ಮ ಆರ್ಕೆಸ್ಟ್ರಾದಲ್ಲಿ ಅಕ್ಕ ಹಾಡುತ್ತಿದ್ದಳು, ನಾನು ಕೀಬೋರ್ಡ್ ನುಡಿಸುತ್ತಿದ್ದೆ. ಎರಡು ಸಾವಿರದ ಇಸವಿ ದಾಟಿದ ಮೇಲೆ ಬೆಳಗಾವಿಯಿಂದ ಹಳೆಯದೊಂದು ಸ್ಯಾಂಪ್ಲರ್ ತಂದೆ. ಮೈಕಿನಲ್ಲಿ ಹಿಡಿದ ಯಾವ ಸದ್ದನ್ನಾದರೂ ಅದರಲ್ಲಿ ತುಂಬಿ, ಬೇಡವಾದದ್ದನ್ನು ಕತ್ತರಿಸಿ, ಕೀಬೋರ್ಡಿನಿಂದ ನುಡಿಸಬಹುದಿತ್ತು.

ಅದೇ ವರ್ಷ ಅಕ್ಕನ ಗಂಟಲಲ್ಲಿ ಗಂಟಾಯಿತು. ಆಪರೇಶನ್ ಆದ ಮೇಲೆ ದನಿ ಹೇಗಿರುತ್ತದೋ ಹೇಳಲಾಗದು ಎಂದರು ಡಾಕ್ಟರು. ದವಾಖಾನೆಗೆ ಹೋಗುವ ಮೊದಲು ಅವಳನ್ನು ಪಡಸಾಲೆಯಲ್ಲಿ ಕೂಡಿಸಿ, ಒಂದೊಂದೇ ಸ್ವರದಲ್ಲಿ 'ಆ' ಅನ್ನಿಸಿ ತುಂಬಿಕೊಂಡೆ. ಯಂತ್ರದಲ್ಲಿ ಜಾಗ ಬಹಳ ಕಡಿಮೆ. ಅವಳು ದವಾಖಾನೆಯಿಂದ ಬಂದು ಮಾತಿಲ್ಲದೆ ಮಲಗಿದ್ದಾಗ, ಪಕ್ಕದ ಕೋಣೆಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಗುಂಡಿ ತಿರುವುತ್ತಾ ಕೆಮ್ಮು ತೆಗೆದೆ, ಸ್ವರಕ್ಕೆ ಮುಂಚಿನ ಉಸಿರು ತೆಗೆದೆ. ಸ್ವರದ ಬಾಲವನ್ನು ಅದರ ನಡುವಿಗೆ ಜೋಡಿಸಿ, ಬೆರಳು ಎತ್ತುವವರೆಗೂ ನಿಲ್ಲದಂತೆ ಮಾಡಿದೆ. ಜೋಡಿಸಿದಲ್ಲಿ 'ಟಿಕ್' ಎನ್ನುತ್ತಿದ್ದುದು ಹೋಗಲು ಬಹಳ ಒದ್ದಾಡಿದೆ. ಕೊನೆಗೆ ಎಲ್ಲವನ್ನೂ ಒಂದು ಫ್ಲಾಪಿಯಲ್ಲೂ ಉಳಿಸಿಟ್ಟೆ.

ಅಕ್ಕನ ದನಿ ಮರಳಿತು, ಆದರೆ ಒಡೆದಿತ್ತು. ಆರ್ಕೆಸ್ಟ್ರಾದ ಮಾಲಕರು ನನಗೆ ಹೇಳಿದರು: "ಅಕ್ಕಾರ ದನಿ ಮಷೀನಿನ್ಯಾಗ ಐತಲ್ಲರಿ, ಅದನ್ನ ಬಾರಸ್ರಿ. ಅವರು ಸ್ಟೇಜಿನ ಮ್ಯಾಲ ಬರೇ ನಿಲ್ಲಲಿ."

ರಾಮದುರ್ಗದ ಕಾರ್ಯಕ್ರಮದಲ್ಲಿ ಹಾಗೇ ಮಾಡಿದೆವು. ಹೊಸ ಹುಡುಗಿ ಹಾಡಿದಳು, ನಡುನಡುವೆ ಬರುವ ಆಲಾಪವನ್ನು ನಾನು ಬೆರಳಿನಿಂದ ನುಡಿಸಿದೆ. ಜನ ದನಿ ಗುರುತಿಸಿ ಅಕ್ಕನ ಕಡೆ ನೋಡಿ ಚಪ್ಪಾಳೆ ತಟ್ಟಿದರು. ಅಕ್ಕ ಮೈಕು ಹಿಡಿದು ತುಟಿ ಮುಚ್ಚಿ ನಿಂತಿದ್ದಳು.

ಮರುದಿನ ಮುಂಜಾನೆ ಅವಳೇ ಯಂತ್ರದ ಮುಂದೆ ಬಂದು ಕುಳಿತಳು.

"ಕೇಳಸು."

ಕೇಳಿಸಿದೆ. ಬಹಳ ಹೊತ್ತು ಒಂದೇ ಸ್ವರ ಒತ್ತಿ ಹಿಡಿದಳು.

"ಉಸರ ತಗೊಳ್ಳಾಕ ಎಲ್ಲೂ ನಿಂದರಂಗಿಲ್ಲಲ್ಲ ಇದು! ಅಳಸಿಬಿಡು."

"ಒಲ್ಲೆ. ನನಗ ಬೇಕು. ನಿನ್ನ ದನಿ ಇನ್ನೆಲ್ಲೆ ಸಿಗತೈತಿ ನನಗ?"

"ನಾ ಇಲ್ಲೇ ಕುಂತೇನಲ್ಲ. ಈ ದನಿ ಸಾಕಾಗೂದಿಲ್ಲೇನ ನಿನಗ?"

ಯಂತ್ರವನ್ನು ನನ್ನ ಕಡೆಗೆ ಎಳೆದುಕೊಂಡೆ. ಮೊದಲು ಯಂತ್ರದಲ್ಲಿದ್ದುದನ್ನು ಅಳಿಸಿದೆ, ಆಮೇಲೆ ಫ್ಲಾಪಿಯಲ್ಲಿದ್ದುದನ್ನು. ನನಗೆ ಅಳು ಬಂತು; ಅಕ್ಕ ಅಳಲಿಲ್ಲ.

ಮುಂದಿನ ಕಾರ್ಯಕ್ರಮ ನೇಸರಗಿಯಲ್ಲಿತ್ತು. ಅಳಿಸಿದ್ದು ತಿಳಿದು ಮಾಲಕರು ಸಿಟ್ಟಿಗೆದ್ದಾಗ ಅಕ್ಕ, "ನಾ ಹಾಡತೇನ್ರಿ, ಎಷ್ಟ ಬರತೈತಿ ಅಷ್ಟ" ಎಂದಳು. ಶ್ರುತಿ ಬಹಳ ಇಳಿಸಿಕೊಂಡೆವು. ಎರಡನೇ ಚರಣದಲ್ಲಿ ದನಿ ಕೈಕೊಟ್ಟಿತು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು, ಕೆಲವರು ಎದ್ದು ಹೋದರು. ಅವಳು ಹಾಡು ಪೂರ್ತಿ ಮಾಡಿಯೇ ಇಳಿದಳು.

ಅದಾದ ಮೇಲೆ ಅವಳು ಸ್ಟೇಜು ಹತ್ತಲಿಲ್ಲ. ಮನೆಯಲ್ಲಿ ಕೆಲಸ ಮಾಡುತ್ತಾ ಆಗಾಗ ಗುನುಗುತ್ತಾಳೆ. ನಾನು ಹತ್ತಿರ ಹೋದೆನೆಂದರೆ ನಿಲ್ಲಿಸುತ್ತಾಳೆ.