ನಿಲ್ಲದೆ ಓಡಿದ ಸಂಜೆ

ಹೋದ ವಾರ ವಿಜಯನಗರದಿಂದ ಮನೆಗೆ ಬರಲು ಹತ್ತಿದ ಕ್ಯಾಬಿನಲ್ಲಿ, ಸ್ಟೀರಿಂಗ್ ಹಿಂದೆ, ದೋಷ ಸೂಚಿಸುವ ಎಂಜಿನ್ ಆಕಾರದ ಒಂದು ಹಳದಿ ದೀಪ ಹತ್ತಿತು. ಸ್ವಲ್ಪ ದೂರ ಹೋದ ಮೇಲೆ ತಾನಾಗಿಯೇ ಆರಿತು. ಡ್ರೈವರ್ ಅದನ್ನು ಗಮನಿಸಲೂ ಇಲ್ಲ. ನಾನು ಮಾತ್ರ ದೀಪವಿದ್ದ ಆ ಜಾಗವನ್ನೇ ನೋಡುತ್ತಾ ಕೂತೆ. ಕೆಂಗೇರಿ ಉಪನಗರದ ನಮ್ಮ ಹಳೆಯ ಬಾಡಿಗೆ ಮನೆ, ಕೆಳಗಿನ ಮನೆಯ ಆಂಟಿ, ಅವರ ಬೂದು ಬಣ್ಣದ ಪುಟ್ಟ ಡೀಸೆಲ್ ಕಾರು...

ಆಂಟಿ ಕಾರು ಕಲಿತದ್ದು ಐವತ್ತು ದಾಟಿದ ಮೇಲೆ. ಸಕ್ಕರೆ ಕಾಯಿಲೆಯಿಂದ ಅಂಕಲ್ ಕಣ್ಣು ಮಂಜಾದಾಗ, ಪಕ್ಕದಲ್ಲಿ ಕೂತು ಅವರೇ ಹೆಂಡತಿಗೆ ಕಲಿಸಿದ್ದರು. ವಿಜಯನಗರದ ಪಕ್ಕದ ಹೊಸಹಳ್ಳಿಯಲ್ಲಿ ಆಂಟಿಯದೊಂದು ಬ್ಲೌಸ್ ಹೊಲಿಯುವ ಅಂಗಡಿಯಿತ್ತು. ನಾನು ಅದೇ ರಸ್ತೆಯ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಹಾಗಾಗಿ ಬೆಳಗ್ಗೆ ಇಬ್ಬರೂ ಒಟ್ಟಿಗೆ ಹೊರಡುತ್ತಿದ್ದೆವು. ಮಕ್ಕಳಿರಲಿಲ್ಲ ಅವರಿಗೆ. ಅಂಕಲ್‌ರನ್ನು ಆಸ್ಪತ್ರೆಗೆ, ಭಾನುವಾರ ಮದುವೆ-ಮುಂಜಿಗೆ, ಎಲ್ಲಿಗಾದರೂ ಸರಿ, ಯಾರನ್ನೂ ಕೇಳದೆ ಕರೆದುಕೊಂಡು ಹೋಗಬಲ್ಲೆ ಎನ್ನುವುದು ಆಂಟಿಯ ದೊಡ್ಡ ಹೆಮ್ಮೆಯಾಗಿತ್ತು.

ಆ ಕಾರು ಒಂದು ದಿನ ಮೈಸೂರು ರಸ್ತೆಯ ನಡುವೆ, ಓಡುತ್ತಿದ್ದ ಹಾಗೇ ಸುಮ್ಮನಾಯಿತು. ಸದ್ದಿಲ್ಲ, ಹೊಗೆಯಿಲ್ಲ. ಸ್ಟೀರಿಂಗ್ ಕಲ್ಲಿನಂತಾಗಿ, ಆಂಟಿ ಎರಡೂ ಕೈಯಲ್ಲಿ ಎಳೆದು ಹೇಗೋ ಪಕ್ಕಕ್ಕೆ ತಂದರು. ಕಾಲು ಗಂಟೆ ಬಿಟ್ಟು ಕೀಲಿ ತಿರುಗಿಸಿದರೆ ಏನೂ ಆಗದಂತೆ ಸ್ಟಾರ್ಟ್ ಆಯಿತು. ಅಲ್ಲಿಂದ ಶುರು. ಕೆಲವೊಮ್ಮೆ ವಾರಕ್ಕೆರಡು ಸಲ, ಕೆಲವೊಮ್ಮೆ ತಿಂಗಳುಗಟ್ಟಲೆ ಇಲ್ಲ. ಆರ್‌ಪಿಸಿ ಲೇಔಟ್‌ನ ಮೆಕಾನಿಕ್ ಕಂಪ್ಯೂಟರ್ ಹಾಕಿ ನೋಡಿದರೆ ಒಂದು ದೋಷವನ್ನೂ ತೋರಿಸುತ್ತಿರಲಿಲ್ಲ.

"ಯಾವುದೋ ಸೆನ್ಸರ್ ಬಿಸಿ ಆದಾಗ ಕೈಕೊಡ್ತಿದೆ ಆಂಟಿ. ಇಲ್ಲಿ ಬಂದ್ರೆ ಸರಿ ಇರತ್ತೆ. ಗಾಡಿ ನಿಂತಿದ್ದಾಗ ತನ್ನಿ, ಆಗ ಗೊತ್ತಾಗತ್ತೆ."

"ನಿಂತಿದ್ದಾಗ ಹೆಂಗಪ್ಪಾ ತರೋದು?" ಎಂದು ಆಂಟಿ ಕೇಳಿದ್ದಕ್ಕೆ ಅವನೂ ನಕ್ಕ, ನಾವೂ ನಕ್ಕೆವು.

ಅವನು ಒಂದು ಚಿಕ್ಕ ಉಪಕರಣವನ್ನು ಸ್ಟೀರಿಂಗ್ ಕೆಳಗೆ ಸಿಕ್ಕಿಸಿ, ಅದರ ಅಂಕಿಗಳು ನನ್ನ ಫೋನಿನಲ್ಲಿ ಕಾಣುವ ಹಾಗೆ ಮಾಡಿಕೊಟ್ಟ. ದಿನಾ ದಾರಿಯುದ್ದಕ್ಕೂ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕಾಯುವುದೇ ನನ್ನ ಕೆಲಸವಾಯಿತು. ನಾಯಂಡಹಳ್ಳಿ ಹತ್ತಿರ ಒಂದು ಬೆಳಗ್ಗೆ ಕಡೆಗೂ ನಿಂತಿತು. ಆಂಟಿ ಕೀಲಿ ತಿರುಗಿಸಿದರು. ಎಂಜಿನ್ ಗರಗರ ತಿರುಗುತ್ತಿದ್ದರೂ, ಫೋನಿನಲ್ಲಿ ಅದರ ವೇಗ ತೋರಿಸಬೇಕಾದ ಜಾಗದಲ್ಲಿ ಸೊನ್ನೆ.

"ಸಿಕ್ತು ಆಂಟಿ!" ಎಂದು ಕೂಗಿದೆ. ಹಿಂದೆ ಬಸ್ಸು, ಲಾರಿಗಳೆಲ್ಲ ಹಾರ್ನ್ ಬಡಿಯುತ್ತಿದ್ದರೆ ಆಂಟಿ ನನ್ನ ಕೈ ಹಿಡಿದು ಮಗುವಿನ ಹಾಗೆ ನಗುತ್ತಿದ್ದರು.

ಎಂಜಿನ್ ವೇಗ ಅಳೆಯುವ ಸೆನ್ಸರನ್ನು ಮೆಕಾನಿಕ್ ಬದಲಾಯಿಸಿದ. ಅಂದು ಸಂಜೆ ಆಂಟಿ ಕೇಸರಿಭಾತ್ ಮಾಡಿ ಮೇಲಕ್ಕೆ ಕಳಿಸಿದರು. ಮಾರನೇ ತಿಂಗಳು ಕಾರು ಮತ್ತೆ ನಿಂತಿತು.

ಆಮೇಲೆ ಇನ್ನೊಂದು ಸೆನ್ಸರ್, ಅದರ ಕನೆಕ್ಟರ್, ರಿಲೇ... ಏನು ಬದಲಾಯಿಸಿದರೂ ಅಷ್ಟೇ. ಕೊನೆಗೆ ಮೆಕಾನಿಕ್ ಸೋತ ದನಿಯಲ್ಲಿ ಹೇಳಿದ. "ಒಳಗೆಲ್ಲೋ ವೈರ್ ಬಿಟ್ಕೊಂಡಿರಬೇಕು. ಪೂರ್ತಿ ಬಿಚ್ಚಬೇಕು ಆಂಟಿ. ಬಿಚ್ಚಿದ್ರೂ ಸಿಗತ್ತೆ ಅಂತ ಹೇಳಕ್ಕಾಗಲ್ಲ." ಆಂಟಿ ಕಾರು ತಂದು ಮನೆ ಮುಂದೆ ನಿಲ್ಲಿಸಿದರು. ನಾವಿಬ್ಬರೂ ಬಸ್ಸು ಹಿಡಿಯತೊಡಗಿದೆವು.

ಒಂದು ಶನಿವಾರ ಮಧ್ಯಾಹ್ನ ಊಟ ಮಾಡಿ ಎದ್ದ ಅಂಕಲ್ ಎದೆ ಹಿಡಿದುಕೊಂಡು ಕುಸಿದರು. ಆಂಟಿಯ ಕೂಗು ಕೇಳಿ ನಾನು ಕೆಳಗೆ ಓಡಿದೆ. ಕಾರು ಗೇಟಿನೆದುರೇ ಇತ್ತು. ಆಂಟಿ ಕೀಲಿ ಹಿಡಿದು ಅಲ್ಲಿಯವರೆಗೂ ಹೋದವರು, ಬಾಗಿಲ ಮೇಲೆ ಕೈಯಿಟ್ಟು ನಿಂತುಬಿಟ್ಟರು.

"ಮಧ್ಯ ರಸ್ತೆಲಿ ನಿಂತುಬಿಟ್ರೆ ಏನ್ ಮಾಡ್ಲೇ?"

ನನಗೂ ಅದೇ ಭಯ. ಆಂಬುಲೆನ್ಸಿಗೆ ಫೋನ್ ಮಾಡಿದೆ. "ಬರ್ತಾ ಇದೀವಿ" ಎಂದರು. ಅದು ಮೈಸೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತ್ತು. ಅಂಕಲ್‌ರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಆಂಟಿ ಗೇಟಿನ ಕಡೆಗೇ ನೋಡುತ್ತಿದ್ದರು. ಕಡೆಗೂ ಆಂಬುಲೆನ್ಸ್ ಬಂತು. ಆದರೆ ಆಸ್ಪತ್ರೆ ತಲುಪುವ ಮೊದಲೇ ಅಂಕಲ್ ಹೋದರು.

ವೈಕುಂಠ ಸಮಾರಾಧನೆಯ ಮಾರನೇ ದಿನ ಸಂಜೆ ಆಂಟಿ ನನ್ನನ್ನು ಕರೆದರು. "ಬಾ, ಕೂತ್ಕೋ." ಕೀಲಿ ತಿರುಗಿಸಿದ್ದೇ ಕಾರು ಸ್ಟಾರ್ಟ್ ಆಯಿತು. ಉಪನಗರದ ರಸ್ತೆಗಳನ್ನೆಲ್ಲ ಸುತ್ತಿದರು. ಮೈಸೂರು ರಸ್ತೆಗೆ ಇಳಿದು, ಆ ಆಸ್ಪತ್ರೆಯ ಗೇಟಿನವರೆಗೆ ಹೋಗಿ, ತಿರುಗಿಸಿಕೊಂಡು ಬಂದರು. ಮತ್ತೆ ಹೋದರು. ಎಂಜಿನ್ ಕಾದು ಒಳಗೆಲ್ಲ ಡೀಸೆಲ್ ವಾಸನೆ ತುಂಬಿತು. ಅವರೇನು ಮಾಡುತ್ತಿದ್ದಾರೆಂದು ನನಗೆ ತಿಳಿಯಲು ಹೊತ್ತು ಹಿಡಿಯಿತು. "ನಿಲ್ಲೇ... ಒಂದ್ಸಲ ನಿಲ್ಲೇ..." ಎಂದು ಅವರು ಹಲ್ಲು ಕಚ್ಚಿ ಗೊಣಗುತ್ತಿದ್ದರು. ನಾನೂ ಮನಸ್ಸಿನಲ್ಲಿ ಅದನ್ನೇ ಬೇಡಿಕೊಂಡೆ. ಕಾರು ಎಲ್ಲೂ ನಿಲ್ಲಲಿಲ್ಲ.

ಮನೆ ಮುಂದೆ ಎಂಜಿನ್ ಆರಿಸಿ ಕೇಳಿದರು. "ಅವತ್ತೂ ಹಿಂಗೇ ಓಡ್ತಿತ್ತು, ಅಲ್ವೇನೇ?"

"ಗೊತ್ತಿಲ್ಲ ಆಂಟಿ" ಎಂದೆ.

ಕಾರು ಮಾರಿ, ಅಂಗಡಿ ಮುಚ್ಚಿ, ಆಂಟಿ ಕುಣಿಗಲ್‌ನ ತಂಗಿ ಮನೆಗೆ ಹೊರಟುಹೋದರು. ಆಗಾಗ ಫೋನ್ ಮಾಡುತ್ತಿದ್ದರು. ಊಟ, ತಿಂಡಿ, ನನ್ನ ಮದುವೆ ಮಾತೆಲ್ಲ ಮುಗಿದ ಮೇಲೆ ದನಿ ತಗ್ಗಿಸಿ, "ಯಾರಾದ್ರೂ ಹೇಳಿದ್ರೇನೇ, ಗಾಡಿಗೆ ಏನಾಗಿತ್ತಂತೆ?" ಎನ್ನುತ್ತಿದ್ದರು. ನಾನು ಸಿಕ್ಕ ಮೆಕಾನಿಕ್‌ಗಳನ್ನೆಲ್ಲ ಕೇಳುತ್ತಿದ್ದೆ. ಗಾಡಿ ನೋಡದೆ ಹೇಗೆ ಹೇಳೋದು ಮೇಡಂ, ಎನ್ನುತ್ತಿದ್ದರು ಎಲ್ಲರೂ.

ಎರಡು ವರ್ಷದ ಹಿಂದೆ ಆಂಟಿಯ ನಂಬರಿನಿಂದ ಫೋನ್ ಬಂದಾಗ ಮಾತಾಡಿದ್ದು ಅವರ ತಂಗಿ. ಆಂಟಿ ತೀರಿಕೊಂಡು ಆಗಲೇ ಮೂರು ದಿನವಾಗಿತ್ತು.

ಈಗಲೂ ಗ್ಯಾರೇಜಿನವರು ಯಾರಾದರೂ ಪರಿಚಯವಾದರೆ ಬಾಯಿತಪ್ಪಿ ಆ ಮಾತೆತ್ತುತ್ತೇನೆ. ಯಾವ ಕಾರು, ಎಲ್ಲಿದೆ, ತನ್ನಿ ನೋಡೋಣ ಎನ್ನುತ್ತಾರೆ. ಅರ್ಧಕ್ಕೇ ಮಾತು ನಿಲ್ಲಿಸುತ್ತೇನೆ. ಅವರಲ್ಲೊಬ್ಬರು ಕಾರಣ ಹೇಳಿಬಿಟ್ಟರೂ, ಅದನ್ನು ತಿಳಿಸಲು ನಾನು ಯಾರಿಗೆ ಫೋನ್ ಮಾಡಲಿ?